ಎಂಬತ್ತಕ್ಕೆ ಎಂಬತ್ತಮೂರು

ವೃತ್ತ ಈ ಸಲವೂ ಮೊಟ್ಟೆಯಾಗಿ ಹೊರಬಿದ್ದಿತ್ತು.

ಸೆನಾಮ್ ಡೋಗ್ಬೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಮೇಜಿನ ಮೇಲೆ ಹರಡಿ ಸ್ಕೇಲು ಇಟ್ಟಳು. ಅಡ್ಡಕ್ಕೆ ಎಂಬತ್ತು ಮಿಲಿಮೀಟರ್, ಸರಿ. ಮೇಲಿಂದ ಕೆಳಕ್ಕೆ ಎಂಬತ್ತಮೂರು. ನಕಲು ಯಂತ್ರ ಪ್ರಯೋಗಕ್ಕೆಂದು ಉಗುಳಿದ ರಾಶಿಯ ನಡುವಿನಿಂದ ಇನ್ನೊಂದು ಹಾಳೆ ಎಳೆದಳು. ಅಲ್ಲೂ ಎಂಬತ್ತಮೂರು. ಯಂತ್ರ ನಡೆಸುವ ಕೋಜೋ ಪಕ್ಕದ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಶಾಲೆಯವರೆಲ್ಲ ಅವನನ್ನು ಎಫೋ, ಅಂದರೆ ಅಣ್ಣ, ಎಂದೇ ಕರೆಯುವುದು.

"ಏನ್ ಟೀಚರಮ್ಮ, ಕೋಳಿ ಮತ್ತೆ ಇಟ್ಟಿತಾ?" ಅಂದ.

ಅಡೋಕ್ಪೆ ಊರಿನಲ್ಲಿ ಈ ಹಾಸ್ಯ ಬಿಡಿಸಿ ಹೇಳಬೇಕಾದ್ದೇನಲ್ಲ. ಹೋದ ವರ್ಷ ಇಂಥದೇ ಮೊಟ್ಟೆಯಿಂದ ಒಬ್ಬ ಮನುಷ್ಯನ ಹೆಸರು ಹಾಳಾಗಿತ್ತು.

ಸುತ್ತಿನ ಹನ್ನೊಂದು ಶಾಲೆಗಳ ಪೂರ್ವಸಿದ್ಧತಾ ಪರೀಕ್ಷೆಗೆ ಗಣಿತದ ಚಿತ್ರಗಳನ್ನು ಇಪ್ಪತ್ತೆರಡು ವರ್ಷ ಬರೆದುಕೊಟ್ಟವರು ಕೋಮ್ಲಾ ಅಮೆನುವೋರ್ ಮೇಷ್ಟ್ರು. ಕಪ್ಪು ಮಸಿ, ಉಕ್ಕಿನ ಕೈವಾರ, ಉಸಿರು ಬಿಗಿಹಿಡಿದು ಎಳೆದ ಗೆರೆ. ಒಂದು ಮಾನಕ್ಕೆ ಎರಡು ಸೆಂಟಿಮೀಟರ್ ಎಂದು ಪ್ರಶ್ನೆಯಲ್ಲಿ ಇದ್ದರೆ ಅವರ ಗ್ರಾಫಿನಲ್ಲಿ ಎರಡೇ ಸೆಂಟಿಮೀಟರ್, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಲ್ಲಿಯ ಮಕ್ಕಳಿಗೆ ಮೊದಲ ದಿನದಿಂದ ಕಲಿಸುವುದೇ ಇದು: ಚಿತ್ರವನ್ನು ನಂಬಬೇಡ, ಸ್ಕೇಲು ಇಡು. ಹೋದ ಫೆಬ್ರವರಿಯಲ್ಲಿ ಮಕ್ಕಳು ಸ್ಕೇಲು ಇಟ್ಟರು. ಏಳನೆಯ ಪ್ರಶ್ನೆಯ ವೃತ್ತದ ಕೇಂದ್ರಕ್ಕೆ ಕೈವಾರದ ಮುಳ್ಳು ಊರಿ ತಿರುಗಿಸಿದರೆ ಸೀಸ ಪಕ್ಕಗಳಲ್ಲಿ ಗೆರೆಯ ಮೇಲೆ, ನೆತ್ತಿಯಲ್ಲಿ ಗೆರೆಯ ಒಳಗೆ. ಆರುನೂರು ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಳಿಸಿ, ಬರೆದು, ಮತ್ತೆ ಅಳಿಸಿ ಹಾಳೆ ತೂತು ಮಾಡಿದರು. ಸಂಜೆಯೊಳಗೆ 'ಅಮೆನುವೋರನ ಮೊಟ್ಟೆ' ಎಂಬ ಮಾತು ಟ್ರೊಟ್ರೊ ವ್ಯಾನು ನಿಲ್ಲುವ ಕಟ್ಟೆಯವರೆಗೂ ಹೋಗಿ ಅಲ್ಲಿ ನಗೆ ಎಬ್ಬಿಸಿ ವಾಪಸು ಬಂದಿತ್ತು.

ಅಧ್ಯಾಪಕರ ಸಂಘ ಸಭೆ ಸೇರಿತು. ಅರವತ್ತೆಂಟು ವರ್ಷವಾಯಿತು, ಕೈ ನಡುಗುತ್ತಿದೆ, ಇನ್ನು ವಿಶ್ರಾಂತಿ ಕೊಡೋಣ ಎಂದು ಅಧ್ಯಕ್ಷ ಅಗ್ಬೆಕೋ ಮೆತ್ತಗೆ ಹೇಳಿದರು. ಮೇಷ್ಟ್ರು, ನನ್ನ ಮೂಲಪ್ರತಿ ತೆಗೆದು ಅಳೆಯಿರಿ ಅಂದರು. ಮೂಲಪ್ರತಿ ಎಲ್ಲಿಂದ ತರುವುದು? ಪ್ರಶ್ನೆ ಸೋರಬಾರದು ಎಂದು, ನಕಲು ಮುಗಿದ ಗಳಿಗೆಯಲ್ಲೇ ಮೂವರ ಎದುರು ಮೂಲಪ್ರತಿಯನ್ನು ಸುಡುವುದು ಸಂಘದ ಕಟ್ಟಳೆ. ಆ ಕಟ್ಟಳೆ ಮಾಡಿಸಿದವರೂ ಅಮೆನುವೋರ್ ಅವರೇ. ಬೂದಿಗೆ ಸ್ಕೇಲು ಇಡಲು ಬರುವುದಿಲ್ಲ. ಒಪ್ಪುವವರು ಕೈ ಎತ್ತಿ ಅಂದಾಗ ಹದಿನೇಳು ಕೈ ಎದ್ದವು.

ಹದಿನೇಳರಲ್ಲಿ ಒಂದು ಸೆನಾಮ್‌ಳ ಕೈ. ಹನ್ನೆರಡನೆಯ ವಯಸ್ಸಿನಲ್ಲಿ ಆ ಕೈಗೆ ಕೈವಾರ ಹಿಡಿಯುವುದನ್ನು ಕಲಿಸಿದವರು ಯಾರು ಎನ್ನುವುದು ಸಭೆಯಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು.

ಈ ವರ್ಷ ಚಿತ್ರಗಳ ಕೆಲಸ ಅವಳ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ, ಅವಳೇ ಕೇಳಿ ತೆಗೆದುಕೊಂಡಳು. ಬೇರೆ ಅಧ್ಯಾಪಕರೂ ಗ್ರಾಫಿನ ತಂತ್ರಾಂಶ ಬಳಸುತ್ತಿದ್ದರು. ಆದರೆ ಅವರು ಪರದೆಯ ಮೇಲೆ ಕಂಡದ್ದನ್ನು ಹಾಗೇ ಚಿತ್ರ ಹಿಡಿದು, ಪುಟಕ್ಕೆ ಅಂಟಿಸಿ, ಮೂಲೆ ಹಿಡಿದೆಳೆದು ಜಾಗಕ್ಕೆ ಕೂರಿಸುವವರು. ಮೂಲೆ ಎಳೆದ ಕೂಡಲೇ ಪ್ರಮಾಣ ಕೆಟ್ಟಿತು. ಸೆನಾಮ್ ಮೌಸ್ ಮುಟ್ಟುವುದೇ ಇಲ್ಲ. ತಂತ್ರಾಂಶದ ಅಡಿಯಲ್ಲಿರುವ ಉದ್ದನೆಯ ಸಾಲಿನಲ್ಲಿ ಆಜ್ಞೆ ಬರೆಯುತ್ತಾಳೆ. ಎಲ್ಲಿಂದ ಎಲ್ಲಿಯವರೆಗೆ ಕಾಣಬೇಕು ಎಂದು ಒಂದು ಆಜ್ಞೆ. ಎರಡು ಅಕ್ಷಗಳ ಅನುಪಾತ ಒಂದಕ್ಕೆ ಒಂದು ಎಂದು ಇನ್ನೊಂದು. ಒಂದು ಮಾನಕ್ಕೆ ಎರಡು ಸೆಂಟಿಮೀಟರಿನ ಲೆಕ್ಕದಲ್ಲಿ ಚಿತ್ರ ಮಾಡಿ ಈ ಹೆಸರಿನಲ್ಲಿ ಹೊರಗೆ ಕಳಿಸು ಎಂದು ಮೂರನೆಯದು. ಇಂಥ ಮೂರು ಸಾಲುಗಳನ್ನು ಮೂವತ್ತೊಂದು ಚಿತ್ರಗಳಿಗೆ ಬರೆದು, ಎಲ್ಲವನ್ನೂ ಒಂದೇ ಗುಂಡಿಗೆ ಕಟ್ಟಿದ್ದಳು. ಗುಂಡಿ ಒತ್ತಿ ಅವಳು ಒಂದು ಲೋಟ ನೀರು ಕುಡಿದು ಮುಗಿಸುವುದರೊಳಗೆ ಮೂವತ್ತೊಂದೂ ಚಿತ್ರಗಳು ಕಂಪ್ಯೂಟರಿನ ಫೋಲ್ಡರಿನೊಳಗೆ ಸಾಲಾಗಿ ಬಂದು ಕೂತಿರುತ್ತಿದ್ದವು. ಯಾವುದನ್ನೂ ಎಳೆದಿಲ್ಲ, ಯಾವುದನ್ನೂ ಕುಗ್ಗಿಸಿಲ್ಲ.

ಅದಕ್ಕೇ ಈ ಎಂಬತ್ತಮೂರು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಗಾಬರಿಯೂ ಆಗಲಿಲ್ಲ. ತಾನು ಕೊಟ್ಟ ಆಜ್ಞೆ ಏನೆಂದು ಅವಳಿಗೆ ಅಕ್ಷರ ಅಕ್ಷರ ಗೊತ್ತಿತ್ತು.

ಮುಖ್ಯೋಪಾಧ್ಯಾಯರ ಕೋಣೆಯ ಸಣ್ಣ ಪ್ರಿಂಟರಿನಲ್ಲಿ ಬೆಳಿಗ್ಗೆ ತೆಗೆದಿದ್ದ ಮೂಲಪ್ರತಿ ಇನ್ನೂ ಯಂತ್ರದ ಗಾಜಿನ ಮೇಲೆ ಮಕಾಡೆ ಮಲಗಿತ್ತು. ಮುಚ್ಚಳ ಎತ್ತಿ ಅದನ್ನು ತೆಗೆದಳು, ಅಳೆದಳು. ಅಡ್ಡಕ್ಕೆ ಎಂಬತ್ತು. ಉದ್ದಕ್ಕೆ ಎಂಬತ್ತು.

ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟಳು. ಗಾಜಿನ ಮೇಲೆ ಹೋಗುವಾಗ ವೃತ್ತ. ಇನ್ನೊಂದು ಕಡೆಯಿಂದ ಬರುವಾಗ ಮೊಟ್ಟೆ.

"ಎಫೋ, ನಿಮ್ಮ ಯಂತ್ರ ಎಳೀತಿದೆ," ಅಂದಳು.

"ನನ್ನ ಯಂತ್ರದ ಮೇಲೆ ಗೂಬೆ ಕೂರಿಸ್ಬೇಡಿ," ಎಂದು ಕೋಜೋ ಕಡಲೆಕಾಯಿ ಸಿಪ್ಪೆ ಝಾಡಿಸಿ ಎದ್ದ. ಯಂತ್ರದ ಬಗ್ಗೆ ಅವನಿಗೆ ಹೆಂಡತಿ ಮಕ್ಕಳಿಗಿಂತ ಹೆಚ್ಚು ಅಭಿಮಾನ. ಒಂದೊಂದು ಅಂಗವನ್ನೂ ತಟ್ಟಿ ತೋರಿಸುತ್ತ ಅದರ ಗುಣಗಾನ ಮಾಡಿದ. ಗಾಜಿನ ಮೇಲಿನ ಚಿತ್ರವನ್ನು ಅದು ಹೇಗೆ ಒಂದು ತೆಳು ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತುಗಳಾಗಿ ಸುಡುತ್ತದೆ, ಆ ಹಾಳೆ ಹೇಗೆ ಮಸಿಯ ಉರುಳೆಗೆ ಸುತ್ತಿಕೊಳ್ಳುತ್ತದೆ, ಒಂದು ಗಂಟೆಗೆ ಎಷ್ಟು ಸಾವಿರ ಪ್ರತಿ. ಕೊನೆಗೆ ಬಾಗಿಲು ತೆಗೆದು ಒಳಗಿನ ಒಂದು ಕಪ್ಪು ರೋಲರನ್ನು ಬೆರಳಲ್ಲಿ ಸವರಿದ. ತೆಳು ಹಾಳೆಯನ್ನು ಮುಂದೆ ಮುಂದೆ ನೂಕುವುದು ಇದೇ. ಇದು ಸವೆದು ಜಾರುತ್ತಿತ್ತಂತೆ. ಹೊಸದಕ್ಕೆ ಅಕ್ರಾದಲ್ಲಿ ಕೇಳಿದರೆ ಆರು ವಾರ ಕಾಯಬೇಕು ಅಂದರಂತೆ. ಕೋಜೋ ಕಾಯಲಿಲ್ಲ. ರೋಲರು ಬಿಚ್ಚಿ ಜಂಕ್ಷನ್ನಿನ ಪಂಕ್ಚರ್ ಅಂಗಡಿಗೆ ಹೋದ. ಲಾರಿ ಟಯರಿಗೆ ಹೊಸ ಮೈ ಕೊಡುವವನು ಇದಕ್ಕೂ ಕೊಟ್ಟ.

"ಅವತ್ತಿಂದ ಇವತ್ತಿನವರೆಗೂ ಒಂದು ಹಾಳೆ ಜಾರಿಲ್ಲ, ಗೊತ್ತಾ?"

"ಯಾವತ್ತಿಂದ, ಎಫೋ?"

"ಹೋದ ವರ್ಷ. ಪರೀಕ್ಷೆಗೆ ಹತ್ತು ದಿನ ಇತ್ತು."

ಸೆನಾಮ್ ರೋಲರನ್ನು ಮುಟ್ಟಿದಳು. ಗಟ್ಟಿ, ನುಣುಪು, ಒಳ್ಳೆಯ ಕೆಲಸ. ಅರ್ಧ ಮಿಲಿಮೀಟರ್ ದಪ್ಪ ಹೆಚ್ಚಾಗಿರಬೇಕು, ಅಷ್ಟೇ. ರೋಲರು ದಪ್ಪವಾದರೆ ಒಂದು ಸುತ್ತಿಗೆ ಹಾಳೆ ಚೂರು ಜಾಸ್ತಿ ಮುಂದೆ ಹೋಗುತ್ತದೆ; ಹಾಳೆ ಜಾಸ್ತಿ ಹೋದರೆ ಚಿತ್ರ ಉದ್ದಕ್ಕೆ ಹಿಗ್ಗುತ್ತದೆ. ಅಕ್ಷರಗಳೂ ಹಿಗ್ಗಿದ್ದವು, ಒಂದು ವರ್ಷದಿಂದ ಈ ಯಂತ್ರದಿಂದ ಬಂದ ಪ್ರತಿಯೊಂದು ಸುತ್ತೋಲೆಯಲ್ಲೂ, ಪ್ರತಿಯೊಂದು ಪ್ರಾರ್ಥನಾಪತ್ರದಲ್ಲೂ. ಅಕ್ಷರ ತುಸು ಎತ್ತರವಾದರೆ ಯಾರು ಕೇಳುತ್ತಾರೆ? ಊರಲ್ಲಿ ಸ್ಕೇಲು ಇಟ್ಟು ಓದುವವರು ಗಣಿತದ ಮಕ್ಕಳು ಮಾತ್ರ.

ಯಂತ್ರವನ್ನು ಈಗ ಸರಿಮಾಡಲು ಬರುವುದಿಲ್ಲ. ಗುರುವಾರ ಬೆಳಿಗ್ಗೆ ಅಧ್ಯಕ್ಷರು ಮೂಲಪ್ರತಿ ಪರೀಕ್ಷಿಸಿ ಸಹಿ ಮಾಡಬೇಕು, ಶುಕ್ರವಾರ ಲಕೋಟೆಗಳು ಹನ್ನೊಂದು ಶಾಲೆಗೆ ಹೋಗಬೇಕು. ಇವತ್ತು ಮಂಗಳವಾರ. ಆದರೆ ಸೆನಾಮ್‌ಳ ತಲೆಯಲ್ಲಿ ಆಗಲೇ ದಾರಿ ತೆರೆದುಕೊಂಡಿತ್ತು. ಅವಳನ್ನು ಹಿಡಿದು ನಿಲ್ಲಿಸಿದ್ದು ಚಿತ್ರವಲ್ಲ, ಹೋದ ವರ್ಷದ ಸಭೆಯಲ್ಲಿ, ಎರಡನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಎದ್ದಿದ್ದ ತನ್ನ ಕೈ.

ಅವಳು ಎರಡೂ ಹಾಳೆಗಳನ್ನು ರಟ್ಟಿನ ನಡುವೆ ಇಟ್ಟು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ, ತುಟಿ ಒಡೆಯದಂತೆ ಶಿಯಾ ಬೀಜದ ಬೆಣ್ಣೆ ಸವರಿಕೊಂಡು ಧೂಳುಗಾಳಿಗೆ ಇಳಿದಳು.

ಅಮೆನುವೋರ್ ಮೇಷ್ಟ್ರು ಮನೆಯ ಮುಂದಿನ ಮಾವಿನ ಮರದಡಿ ಇದ್ದರು. ಹೆಂಡತಿ ಆಫಿ ಸಂತೆಗೆ ಅಬೋಲೋ ಮಾಡಿ ಮಾರುತ್ತಾಳೆ; ಹುದುಗಿದ ಜೋಳದ ಹಿಟ್ಟನ್ನು ಎಲೆಗೆ ಸುರಿದು, ಮಡಿಸಿ, ಹಬೆಗಿಡುವ ಕೆಲಸ. ಸಭೆ ನಡೆದ ಮಾರನೆಯ ದಿನದಿಂದ ಮೇಷ್ಟ್ರು ಕೈವಾರದ ಡಬ್ಬಿ ಮುಟ್ಟಿಲ್ಲ, ಎಲೆ ಮಡಿಸುತ್ತಿದ್ದಾರೆ ಎಂದು ಊರು ಹೇಳುತ್ತಿತ್ತು. ಸೆನಾಮ್ ಬೇಲಿಯ ಹತ್ತಿರ ನಿಂತು ನೋಡಿದಳು. ಒಂದು ಎಲೆ, ಒಂದು ಸೌಟು ಹಿಟ್ಟು, ಎರಡು ಮಡಿಕೆ, ಒಂದು ತಿರುವು. ಹಿಟ್ಟು ಒಂದು ಹನಿ ಅಂಚು ದಾಟಲಿಲ್ಲ. ಬುಟ್ಟಿಯಲ್ಲಿ ಜೋಡಿಸಿದ ನಲವತ್ತು ಪೊಟ್ಟಣಗಳ ಮೇಲೆ ಸ್ಕೇಲು ಇಟ್ಟರೂ ನಡೆಯುತ್ತಿತ್ತು.

ಆಫಿ ಅವಳನ್ನು ಕೂರಿಸಿ ನೀರು ಕೊಟ್ಟಳು. ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಪಾಠ ಹೇಗೆ ನಡೆದಿದೆ ಎಂದು ಎರಡೂ ಕಡೆಯಿಂದ ವಿಚಾರಿಸುವುದು ಮುಗಿಯಿತು. ಲೋಟ ಖಾಲಿಯಾಯಿತು. ಆಮೇಲೆ ಮೇಷ್ಟ್ರು, ಎಲೆಯಿಂದ ಕಣ್ಣೆತ್ತದೆ, "ಈಗ ಬಂದ ಕಾರಣ ಹೇಳು. ನಡುಗೋ ಕೈ ನೋಡ್ಕೊಂಡು ಹೋಗೋಣ ಅಂತ ಬಂದ್ಯಾ?" ಅಂದರು.

ಸೆನಾಮ್ ರಟ್ಟು ತೆಗೆದು ಎರಡು ಹಾಳೆಗಳನ್ನು ಬೆಂಚಿನ ಮೇಲಿಟ್ಟು ಗಾಳಿಗೆ ಹಾರದಂತೆ ಎರಡು ಪೊಟ್ಟಣ ಹೇರಿದಳು. ಎಡಗಡೆಯದು ಮೂಲ, ಬಲಗಡೆಯದು ನಕಲು ಎಂದಳು.

ಮೇಷ್ಟ್ರ ಕಣ್ಣಿಗೆ ಸ್ಕೇಲು ಬೇಕಿರಲಿಲ್ಲ. ಬಲಗಡೆಯ ಹಾಳೆಯ ಮೇಲೆ ನೋಟ ಬಿದ್ದದ್ದೇ ಕೈ ನಿಂತಿತು. ಎಲೆಯೊಂದು ಅರ್ಧ ಮಡಿಕೆಯಲ್ಲೇ ಉಳಿಯಿತು.

"ಯಾರು ಬರೆದದ್ದು ಇದು?"

"ಯಾರೂ ಬರೆದಿಲ್ಲ ಮೇಷ್ಟ್ರೇ. ಇಷ್ಟು ತ್ರಿಜ್ಯ, ಇಷ್ಟು ಪ್ರಮಾಣ ಅಂತ ಆಜ್ಞೆ ಕೊಟ್ಟೆ, ಚಿತ್ರ ಹೊರಗೆ ಬಂತು. ಇದ್ರಲ್ಲಿ ನಡುಗೋದಕ್ಕೆ ಕೈಯೇ ಇಲ್ಲ."

ಮರದ ಮೇಲೆ ಎಲೆಗಳು ಒಣಗಿ ಕಟಕಟ ಅನ್ನುತ್ತಿದ್ದವು. ಆಫಿ ಸೌಟು ಕೆಳಗಿಟ್ಟಳು. ಸೆನಾಮ್ ರೋಲರಿನ ಕಥೆ ಹೇಳಿದಳು, ಪಂಕ್ಚರ್ ಅಂಗಡಿಯ ಕಥೆ, ಹತ್ತು ದಿನದ ಕಥೆ. ಹೇಳಿ ಮುಗಿಸಿದ ಮೇಲೆ ಮೇಷ್ಟ್ರು ಎದ್ದರು. ಬಕೆಟ್ಟಿನಲ್ಲಿ ಕೈ ತೊಳೆದರು, ಮೊಣಕೈವರೆಗೆ ತೊಳೆದರು, ಟವಲಿನಿಂದ ಬೆರಳುಗಳ ಸಂದಿಯನ್ನೂ ಒರೆಸಿದರು.

"ಕೈವಾರದ ಡಬ್ಬಿ ಎಲ್ಲಿಟ್ಟಿದ್ದೀಯ?" ಎಂದು ಹೆಂಡತಿಯನ್ನು ಕೇಳಿದರು.

"ಎಸಿ ಅಂದಿದ್ರಿ. ಎಸೆದಿಲ್ಲ," ಎಂದು ಆಫಿ ಒಳಗೆ ಹೋದಳು.

ಅವಳು ಬರುವವರೆಗಿನ ಹೊತ್ತಿನಲ್ಲಿ ಮೇಷ್ಟ್ರು ಸೆನಾಮ್‌ಳ ಮುಖ ನೋಡಿದರು. "ನಿನ್ನ ಕೈಯೂ ಮೇಲಿತ್ತು."

"ಇತ್ತು ಮೇಷ್ಟ್ರೇ."

"ಎರಡನೇ ಸಾಲು."

"ಕಿಟಕಿ ಪಕ್ಕ. ತಪ್ಪಾಯ್ತು ಅಂತ ಇಲ್ಲಿ ಮರದ ಕೆಳಗೆ ಹೇಳಿದ್ರೆ ನನಗಷ್ಟೇ ಸಮಾಧಾನ. ಗುರುವಾರ ಅಲ್ಲೇ ಹೇಳ್ತೀನಿ, ಎಲ್ಲಾರೂ ಕೂತಿರೋವಾಗ. ನೀವು ಬರಬೇಕು."

ಡಬ್ಬಿ ಬಂತು. ಮೇಷ್ಟ್ರು ಎರಡು ಮುಳ್ಳಿನ ಡಿವೈಡರ್ ತೆಗೆದು, ನಕಲಿನ ವೃತ್ತದ ನೆತ್ತಿಯಿಂದ ಬುಡಕ್ಕೆ ಹಿಡಿದು, ಸ್ಕೇಲಿನ ಮೇಲೆ ಇಳಿಸಿದರು. ಹೀಗೆ ಐದು ಕಡೆ. ಎಂಬತ್ತಕ್ಕೆ ಎಂಬತ್ತಮೂರು, ಎಲ್ಲ ಕಡೆಯೂ ಒಂದೇ ಹಿಗ್ಗು ಎಂದರು. ಹಿಗ್ಗು ಒಂದೇ ಸಮನಾಗಿದ್ದರೆ ಅದಕ್ಕೆ ಮದ್ದಿದೆ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇದ್ದಿದ್ದರೆ ಇರುತ್ತಿರಲಿಲ್ಲ. ಸೆನಾಮ್ ಇದನ್ನು ಅಳೆದಿರಲಿಲ್ಲ. ಒಂದೇ ಕಡೆ ಅಳೆದು ಓಡಿಬಂದಿದ್ದಳು. ಹೌದಲ್ಲ ಎಂದುಕೊಂಡಳು.

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಆಜ್ಞೆಗಳನ್ನು ಒಂದೊಂದಾಗಿ ಓದಿಸಿದರು. ಪ್ರತಿಯೊಂದು ಅಂಕಿ ಏನು ಮಾಡುತ್ತದೆ ಎಂದು ಕೇಳಿದರು. ಅನುಪಾತದ ಸಾಲು ಬಂದಾಗ ಸೆನಾಮ್ ಒಂದಕ್ಕೆ ಒಂದು ಎಂದಿದ್ದುದನ್ನು ಅಳಿಸಿ ಎಂಬತ್ತಮೂರಕ್ಕೆ ಎಂಬತ್ತು ಎಂದು ಬರೆದಳು. ಪರದೆಯ ಮೇಲಿನ ವೃತ್ತ ಯಾರೋ ಮೇಲೆ ಕೂತಂತೆ ಚಪ್ಪಟೆಯಾಯಿತು.

"ಬೇಕಂತಲೇ ತಪ್ಪು ಬರೀತಿದ್ದೀಯ," ಅಂದರು ಮೇಷ್ಟ್ರು.

"ಯಂತ್ರ ಉದ್ದಕ್ಕೆ ಸುಳ್ಳು ಹೇಳುತ್ತೆ. ನಾನು ಗಿಡ್ಡಕ್ಕೆ ಹೇಳಿ ಕಳಿಸ್ತೀನಿ. ಹಾಳೆಗೆ ಬರೋ ಹೊತ್ತಿಗೆ ನಿಜ ಆಗಿರುತ್ತೆ."

ಮೇಷ್ಟ್ರು ನಕ್ಕರು. ಒಂದು ವರ್ಷದ ಮೇಲೆ ನಕ್ಕರು ಎಂದು ಆಫಿ ಆಮೇಲೆ ಸಂತೆಯಲ್ಲೆಲ್ಲ ಹೇಳಿದಳು, ಆದರೆ ಅದು ಅಷ್ಟು ದೊಡ್ಡ ನಗುವೇನಲ್ಲ, ಮೂಗಿನಿಂದ ಹೊರಟ ಗಾಳಿ. ಮಸಿಯಲ್ಲಿ ಬರೆಯುವ ಕೈಗೆ ಇದು ಆಗುವ ಕೆಲಸವಲ್ಲ, ಅಂದರು. ಮೂವತ್ತೊಂದು ಚಿತ್ರಗಳನ್ನು ಎಂಬತ್ತಮೂರರಲ್ಲಿ ಎಂಬತ್ತರಷ್ಟು ಗಿಡ್ಡ ಮಾಡಿ ಮತ್ತೆ ಬರೆಯುವ ಹೊತ್ತಿಗೆ ಮಕ್ಕಳು ಪಾಸಾಗಿ, ಕೆಲಸಕ್ಕೆ ಸೇರಿ, ನಿವೃತ್ತರಾಗುತ್ತಾರೆ. ಸೆನಾಮ್ ಎಲ್ಲ ಮೂವತ್ತೊಂದು ಸಾಲುಗಳಲ್ಲೂ ಅನುಪಾತವನ್ನು ಒಂದೇ ಸಲಕ್ಕೆ ಬದಲಾಯಿಸಿದಳು. ಗುಂಡಿಯ ಮೇಲೆ ಬೆರಳಿಟ್ಟಳು.

"ತಡಿ," ಎಂದರು ಮೇಷ್ಟ್ರು. "ಒಂಬತ್ತನೇ ಪುಟ."

"ಒಂಬತ್ತಕ್ಕೇನಾಯ್ತು?"

"ಅದ್ರಲ್ಲಿ ಅಲೆ ಅಲೆ ಗ್ರಾಫ್ ಇರುತ್ತಲ್ಲ, ಪುಟ ಅಡ್ಡ ತಿರುಗಿಸಿ ಹಾಕೋದು. ಯಂತ್ರದೊಳಗೆ ಹಾಳೆ ಹೋಗೋದು ಯಾವ ಕಡೆಯಿಂದ?"

ಸೆನಾಮ್‌ಳ ಬೆರಳು ಗುಂಡಿಯಿಂದ ಹಿಂದೆ ಸರಿಯಿತು. ಯಂತ್ರಕ್ಕೆ ಪುಟ ಅಡ್ಡವೋ ಉದ್ದವೋ ತಿಳಿಯದು. ತಾನು ನೂಕುವ ದಿಕ್ಕಿಗೆ ಹಿಗ್ಗಿಸುತ್ತದೆ, ಅಷ್ಟೆ. ಅಡ್ಡ ಹಾಕಿದ ಚಿತ್ರದಲ್ಲಿ ಆ ದಿಕ್ಕು ಎಡದಿಂದ ಬಲ. ಅಲ್ಲಿ ಎಂಬತ್ತಮೂರಕ್ಕೆ ಎಂಬತ್ತು ಎಂದು ಬರೆದರೆ ಮೊಟ್ಟೆಗೆ ಮೊಟ್ಟೆ ಸೇರಿ ಇನ್ನೂ ದೊಡ್ಡ ಮೊಟ್ಟೆ. ಅವಳು ಒಂಬತ್ತನೆಯ ಪುಟದ ಎರಡು ಚಿತ್ರಗಳಿಗೆ ಎಂಬತ್ತಕ್ಕೆ ಎಂಬತ್ತಮೂರು ಎಂದು ತಿರುಗಿಸಿ ಬರೆದು, ಇನ್ನೊಮ್ಮೆ ಮೇಲಿಂದ ಕೆಳಗೆ ಓದಿ, ಗುಂಡಿ ಒತ್ತಿದಳು. ಮೂವತ್ತೊಂದೂ ಬಂದು ಕೂತವು.

"ಇಷ್ಟೇನಾ?" ಅಂದರು ಮೇಷ್ಟ್ರು.

"ಇಷ್ಟೇ."

"ಇಪ್ಪತ್ತೆರಡು ವರ್ಷ ನಾನು ಉಸಿರು ಹಿಡ್ಕೊಂಡು ಕೂತಿದ್ದೆನಲ್ಲೇ," ಎಂದು ಅವರು ಹೆಂಡತಿಯ ಕಡೆ ತಿರುಗಿದರು.

ಗುರುವಾರ ಹತ್ತು ಗಂಟೆಗೆ ಪ್ರಶ್ನೆಪತ್ರಿಕೆ ಸಮಿತಿಯ ಒಂಬತ್ತು ಮಂದಿ ಮುದ್ರಣದ ಕೋಣೆಯಲ್ಲಿ ಸೇರಿದರು. ಹೋದ ವರ್ಷ ಕೈ ಎತ್ತಿದವರೇ ಒಂಬತ್ತೂ ಮಂದಿ. ಅಮೆನುವೋರ್ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದರು. ಸದಸ್ಯರಲ್ಲದವರು ಒಳಗೆ ಬರಬಾರದಲ್ಲ ಎಂದು ಒಬ್ಬರು ಗೊಣಗಿದರು. ಅಧ್ಯಕ್ಷರು, ಇರಲಿ, ಹಿರಿಯರು, ಎಂದು ಕುರ್ಚಿ ತೋರಿಸಿದರು. ಮೇಷ್ಟ್ರು ಕೂರಲಿಲ್ಲ.

ಅಗ್ಬೆಕೋ ಕೆಟ್ಟವರಲ್ಲ. ಎತ್ತರದ ಆಳು, ಯಾವಾಗಲೂ ನಾಲ್ಕು ಬಣ್ಣದ ಪೆನ್ನು ಜೇಬಿನಲ್ಲಿ, ನಿಯಮ ಅಂದರೆ ಪ್ರಾಣ. ಹೋದ ವರ್ಷದ ಗಲಾಟೆಯ ನಂತರ ಅವರೇ ಒಂದು ನಿಯಮ ಸೇರಿಸಿದ್ದರು: ಮೂಲಪ್ರತಿಯ ಪ್ರತಿಯೊಂದು ವೃತ್ತಕ್ಕೂ ಅಧ್ಯಕ್ಷರು ಸ್ವತಃ ಕೈವಾರ ಇಟ್ಟು ನೋಡಿಯೇ ಸಹಿ ಮಾಡಬೇಕು. ಈ ಸಲವೂ ಕೆಟ್ಟರೆ ಸಂಘ ಸ್ವಂತ ಪತ್ರಿಕೆ ತೆಗೆಯುವುದನ್ನೇ ನಿಲ್ಲಿಸಿ ಅಕ್ರಾದಿಂದ ತರಿಸುವುದು ಎಂದೂ ಬರೆಸಿದ್ದರು. ಅವರು ಏಳನೆಯ ಪ್ರಶ್ನೆಯ ಮೂಲಪ್ರತಿ ತೆಗೆದರು. ಕೈವಾರ ಇಡುವ ಅಗತ್ಯವೇ ಬೀಳಲಿಲ್ಲ.

"ಏನಿದು ಸೆನಾಮ್? ಹೋದ ವರ್ಷ ನಿಂತ ಮೊಟ್ಟೆ, ಈ ವರ್ಷ ಮಲಗಿದ ಮೊಟ್ಟೆ?"

ಯಾರೋ ನಕ್ಕರು. ಕಂಪ್ಯೂಟರಿಗೂ ವಯಸ್ಸಾಯಿತೇನೋ ಎಂದು ಇನ್ನೊಬ್ಬರು. ಮೂಲೆ ಎಳೆದಿರಬೇಕು, ನಾವೆಲ್ಲ ಹಾಗೇ ಅಲ್ಲವೇ ಮಾಡುವುದು, ಎಂದು ಮತ್ತೊಬ್ಬರು ಅನುಕಂಪ ತೋರಿಸಿದರು. ಸೆನಾಮ್ ಇನ್ನೊಂದು ಹಾಳೆ ಮುಂದಿಟ್ಟಳು. ಮಂಗಳವಾರದ ಮೂಲಪ್ರತಿ, ಒಂದಕ್ಕೆ ಒಂದು.

"ಇದಕ್ಕೆ ಕೈವಾರ ಇಡಿ ಸರ್."

ಅಧ್ಯಕ್ಷರು ಇಟ್ಟರು. ಸೀಸ ಗೆರೆ ಬಿಡದೆ ಒಂದು ಸುತ್ತು ಬಂತು. ಹಾಗಿದ್ದರೆ ಇದನ್ನೇ ಯಂತ್ರಕ್ಕೆ ಕೊಡು, ಆ ಚಪ್ಪಟೆಯದು ಯಾಕೆ, ಎಂದು ಕೇಳಿದರು. ಕೊಡೋಣ ಎಂದಳು ಸೆನಾಮ್. ಕೋಜೋಗೆ ಸನ್ನೆ ಮಾಡಿದಳು. ಯಂತ್ರ ಗುರುಗುಟ್ಟಿತು, ತೆಳು ಹಾಳೆ ಸುಟ್ಟಿತು, ಒಂದು ಪ್ರತಿ ಉಗುಳಿತು. ಅವಳು ಅದನ್ನು ಮುಟ್ಟಲಿಲ್ಲ. ಅಧ್ಯಕ್ಷರೇ ತೆಗೆದುಕೊಳ್ಳಲಿ ಎಂದು ಪಕ್ಕಕ್ಕೆ ಸರಿದಳು. ಅವರು ಕೈವಾರ ಊರಿ ತಿರುಗಿಸಿದರು. ಸೀಸ ಪಕ್ಕದಲ್ಲಿ ಗೆರೆಯ ಮೇಲೆ, ನೆತ್ತಿಯಲ್ಲಿ ಗೆರೆಯ ಒಳಗೆ.

ಈ ಮೊಟ್ಟೆಯನ್ನು ಅಲ್ಲಿದ್ದ ಪ್ರತಿಯೊಬ್ಬರೂ ಹೋದ ವರ್ಷ ಕಣ್ಣಾರೆ ಕಂಡಿದ್ದರು. ಅದೇ ನೆತ್ತಿ, ಅಷ್ಟೇ ಅಂತರ. ಸೆನಾಮ್ ರೋಲರಿನ ವಿಷಯ ನಾಲ್ಕೇ ಮಾತಿನಲ್ಲಿ ಹೇಳಿದಳು. ಹೇಳುವಾಗ ಕೋಜೋನ ಮೇಲೆ ತಪ್ಪು ಬರದಂತೆ, ಅವನು ರಿಪೇರಿ ಮಾಡಿಸದಿದ್ದರೆ ಹೋದ ವರ್ಷ ಪತ್ರಿಕೆಯೇ ಇರುತ್ತಿರಲಿಲ್ಲ ಎಂದೂ ಸೇರಿಸಿದಳು. ಕೋಜೋ ನೆಲ ನೋಡುತ್ತಿದ್ದವನು ತಲೆ ಎತ್ತಿದ. ಆಮೇಲೆ ಚಪ್ಪಟೆ ವೃತ್ತದ ಮೂಲಪ್ರತಿಯನ್ನು ಗಾಜಿನ ಮೇಲಿಟ್ಟಳು. ಯಂತ್ರ ಇನ್ನೊಂದು ಪ್ರತಿ ಉಗುಳಿತು.

ಅಧ್ಯಕ್ಷರು ಕೈವಾರ ಎತ್ತಿದರು, ಅರ್ಧದಲ್ಲಿ ನಿಲ್ಲಿಸಿದರು. ಅದನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ತಿರುಗಿದರು.

"ಮೇಷ್ಟ್ರೇ, ನೀವೇ ಇಡಿ."

ಅಮೆನುವೋರ್ ಮುಂದೆ ಬಂದರು. ಅಧ್ಯಕ್ಷರ ಕೈವಾರವನ್ನು ಬದಿಗೆ ಸರಿಸಿ ತಮ್ಮ ಡಬ್ಬಿ ತೆರೆದರು. ಉಕ್ಕಿನ ಮುಳ್ಳು ಕೇಂದ್ರದಲ್ಲಿ ನಿಂತಿತು. ಅವರು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯನ್ನು ನಿಧಾನವಾಗಿ ಉರುಳಿಸಿದರು, ಸೆನಾಮ್‌ಗೆ ಹನ್ನೆರಡನೆಯ ವಯಸ್ಸಿನಲ್ಲಿ ಕಲಿಸಿದ ಹಾಗೆಯೇ, ಮಣಿಕಟ್ಟು ತಿರುಗಿಸದೆ. ಸೀಸ ಬಲಗಡೆಯಿಂದ ಹೊರಟು ನೆತ್ತಿ ಏರಿತು. ಗೆರೆಯ ಮೇಲೇ ಇತ್ತು. ಎಡಕ್ಕೆ ಇಳಿದು ಬುಡ ದಾಟಿತು. ಗೆರೆಯ ಮೇಲೇ ಇತ್ತು. ಹೊರಟ ಜಾಗಕ್ಕೆ ಬಂದು ಸೇರಿತು, ಎರಡನೆಯ ಗೆರೆ ಕಾಣಲೇ ಇಲ್ಲ.

ಅಗ್ಬೆಕೋ ಮೂಲಪ್ರತಿಗೆ ಸಹಿ ಹಾಕಿದರು. ಹೋದ ವರ್ಷದ ದೋಷ ಯಂತ್ರದ್ದು ಎಂದು ನಡಾವಳಿಯಲ್ಲಿ ಬರೆಸುತ್ತೇನೆ ಎಂದರು.

"ಅಷ್ಟು ಸಾಲದು ಸರ್," ಅಂದಳು ಸೆನಾಮ್. "ಕೈ ನಡುಗಿದ್ದರಿಂದ ಅಂತ ಮೇಷ್ಟ್ರ ಹೆಸರು ಹಾಕಿ ಬರೆದಿದ್ದೀರಿ. ಆ ಸಾಲು ಹೊಡೆದುಹಾಕಬೇಕು. ಅವತ್ತು ನಾನೂ ಕೈ ಎತ್ತಿದ್ದೆ. ಅಳೆಯದೆ ಎತ್ತಿದ್ದೆ."

ಒಪ್ಪುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳುವ ಮೊದಲೇ ಅವಳ ಕೈ ಮೇಲಿತ್ತು. ಒಂದು ಕ್ಷಣ ಅದೊಂದೇ ಇತ್ತು. ಆಮೇಲೆ ಅನುಕಂಪ ತೋರಿಸಿದವರದು, ನಕ್ಕವರದು, ಗೊಣಗಿದವರದು. ಕೊನೆಯದು ಅಗ್ಬೆಕೋ ಅವರದು, ನಾಲ್ಕು ಬಣ್ಣದ ಪೆನ್ನು ಬೆರಳುಗಳ ನಡುವೆ ಸಿಕ್ಕಿಕೊಂಡೇ ಇತ್ತು. ಮತ ಹಾಕುವ ಹಕ್ಕಿಲ್ಲದ ಕೋಜೋ ಕೂಡ ಯಂತ್ರದ ಹಿಂದಿನಿಂದ ಕೈ ಎತ್ತಿದ; ಯಾರೂ ಇಳಿಸು ಅನ್ನಲಿಲ್ಲ. ಅಮೆನುವೋರ್ ಯಾರನ್ನೂ ನೋಡುತ್ತಿರಲಿಲ್ಲ. ಒಂಬತ್ತನೆಯ ಪುಟದ ಪ್ರತಿಯನ್ನು ತೆಗೆದುಕೊಂಡು, ಅಲೆಯ ಒಂದು ಶಿಖರದಿಂದ ಇನ್ನೊಂದು ಶಿಖರಕ್ಕೆ ಡಿವೈಡರ್ ಇಟ್ಟು ಅಳೆಯುತ್ತಿದ್ದರು.

ಮಧ್ಯಾಹ್ನ ಎರಡರ ಹೊತ್ತಿಗೆ ನಕಲು ಮುಗಿದು ಲಕೋಟೆಗಳಿಗೆ ಅರಗು ಬಿತ್ತು. ಕೋಜೋ ಹಳೆಯ ಎಣ್ಣೆಡಬ್ಬದಲ್ಲಿ ಮೂಲಪ್ರತಿಗಳನ್ನು ಹಾಕಿ, ಬೆಂಕಿಪೊಟ್ಟಣ ಹಿಡಿದು ಅನುಮಾನಿಸಿದ. ಈ ವರ್ಷವೂ ಸುಡುವುದೋ ಹೇಗೆ ಎಂದು ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ಸೆನಾಮ್‌ಳನ್ನು ಕೇಳಿದರು. "ಆ ಗುಂಡಿ ಒತ್ತಿದ್ರೆ ಮತ್ತೆ ಬರುತ್ತೆ ಅಲ್ವಾ?"

"ಮೂವತ್ತೊಂದೂ ಬರುತ್ತೆ. ಯಾವಾಗ ಕರೆದ್ರೂ, ನಕಲಲ್ಲಿ ಎಂಬತ್ತಕ್ಕೆ ಎಂಬತ್ತೇ."

ಅವರು ಕೈವಾರದ ಮುಳ್ಳನ್ನು ಅಂಗಿಯ ಅಂಚಿಗೆ ಒರೆಸಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದರು.

"ಹಾಗಾದ್ರೆ ಸುಡು," ಎಂದರು ಕೋಜೋಗೆ.